ಅಂಗಳದ ಗರಿಕೆಯೂ ಕಾರ್ಡಿನ ಸಾಲವೂ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲಿ ಸಮೀಪ ನಾವು ಮನೆ ಕೊಂಡಾಗ ಅದರೊಡನೆ ಸುಮಾರು 4,000 ಚದರ ಅಡಿಯ ಹುಲ್ಲುಹಾಸೂ ಬಂದಿತ್ತು. ಇಲ್ಲಿನವರು ಬರ್ಮುಡಾ ಎನ್ನುವ ಆ ಹುಲ್ಲು ಬೇರೇನೂ ಅಲ್ಲ, ನಮ್ಮ ಗರಿಕೆಯೇ. ಗಣೇಶನ ಹಬ್ಬದ ದಿನ ಹುಡುಕಿ ತಂದು, ಉಳಿದ ದಿನಗಳಲ್ಲಿ ಹೊಲದಿಂದ ಕಿತ್ತೆಸೆಯುತ್ತಿದ್ದ ಗರಿಕೆಯನ್ನು ದುಡ್ಡು ಕೊಟ್ಟು ಸಾಕುತ್ತಿದ್ದೀರಾ ಎಂದು ಅಮ್ಮ ಫೋನಿನಲ್ಲಿ ನಕ್ಕಿದ್ದರು.

2023ರ ಜನವರಿಯಲ್ಲಿ ನಮಗೆ ನಗು ಬರುವಂತಿರಲಿಲ್ಲ. ಹಿಂದಿನ ವರ್ಷ ಮನೆಯ ಏಸಿ ಬದಲಾಯಿಸಿದ್ದು, ತುರ್ತಾಗಿ ಊರಿಗೆ ಹೋಗಿಬಂದದ್ದು ಎಲ್ಲ ಸೇರಿ ಕ್ರೆಡಿಟ್ ಕಾರ್ಡಿನಲ್ಲಿ 9,400 ಡಾಲರ್ ಸಾಲ ನಿಂತಿತ್ತು; ಬಡ್ಡಿ ವರ್ಷಕ್ಕೆ ಶೇ. 24. ತಿಂಗಳಿಗೆ 300 ಡಾಲರ್ ಕಟ್ಟಿದರೆ 188 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುತ್ತಿದ್ದದ್ದು 112 ಮಾತ್ರ. ಅದೇ ಹೊತ್ತಿನಲ್ಲಿ ಹುಲ್ಲು ಕತ್ತರಿಸುವವರಿಗೆ 45 ಡಾಲರಿನಂತೆ ವರ್ಷಕ್ಕೆ 28 ಸಲ, ಗೊಬ್ಬರ ಮತ್ತು ಕಳೆನಾಶಕ ಹಾಕುವವರಿಗೆ 70ರಂತೆ ಏಳು ಸಲ, ಒಟ್ಟು 1,750 ಡಾಲರ್ ತೆರುತ್ತಿದ್ದೆವು. ಇವೆರಡು ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಲು ನಮಗೆ ಅಷ್ಟು ದಿನ ಬೇಕಾಯಿತು.

ಅಂಗಳವನ್ನು ಪೂರ್ತಿ ಕೈಬಿಡುವಂತಿರಲಿಲ್ಲ. ಹುಲ್ಲು ಎತ್ತರವಾದರೆ ಬಡಾವಣೆಯ ಮನೆಮಾಲೀಕರ ಸಂಘದಿಂದ ಮೊದಲು ಪತ್ರ, ಆಮೇಲೆ ದಂಡ ಬರುತ್ತದೆ. ಆದ್ದರಿಂದ 120 ಡಾಲರಿಗೆ ತಳ್ಳಿಕೊಂಡು ಹುಲ್ಲು ಕತ್ತರಿಸುವ ಹಳೆಯ ಯಂತ್ರ (ಮೋವರ್) ಒಂದನ್ನು ಕೊಂಡು, ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಬಿದ್ದ ತುಂಡುಗಳನ್ನು ಅಲ್ಲಿಯೇ ಬಿಟ್ಟೆ. ಅವು ಕೊಳೆತು ಸಾರಜನಕವನ್ನು ಮಣ್ಣಿಗೇ ಮರಳಿಸುವುದರಿಂದ ಗೊಬ್ಬರದ ಒಂದು ಭಾಗ ಉಳಿಯಿತು.

ಗೊಬ್ಬರ ಕೊಳ್ಳುವ ಮೊದಲು ಏಪ್ರಿಲ್‌ನಲ್ಲಿ ಮಣ್ಣಿನ ಮಾದರಿಯನ್ನು ರಾಜ್ಯದ ಕೃಷಿ ಇಲಾಖೆಗೆ ಕಳುಹಿಸಿದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅವರು ಉಚಿತವಾಗಿ ಪರೀಕ್ಷಿಸುತ್ತಾರೆ. ಚಳಿಗಾಲದಲ್ಲಿ ಮಾತ್ರ ಸಣ್ಣ ಶುಲ್ಕವಿದೆ. ನಮ್ಮ ಕೆಂಪು ಜೇಡಿಮಣ್ಣಿನಲ್ಲಿ ರಂಜಕ ಸಾಕಷ್ಟಿದೆ, ಹುಳಿ ಹೆಚ್ಚಿದೆ, 1,000 ಚದರ ಅಡಿಗೆ 50 ಪೌಂಡ್ ಸುಣ್ಣ ಹಾಕಬೇಕು ಎಂದು ವರದಿ ಬಂತು. ಐದು ಚೀಲ ಸುಣ್ಣಕ್ಕೆ ಸುಮಾರು 30 ಡಾಲರ್ ಆಯಿತು. ಅಂಗಡಿಯಲ್ಲಿ ಆರಿಸಿಟ್ಟಿದ್ದ ದುಬಾರಿ ಮಿಶ್ರಗೊಬ್ಬರದ ಬದಲು ಸಾರಜನಕವಷ್ಟೇ ಇದ್ದ ಅಗ್ಗದ ಚೀಲ ತಂದೆ. ನೀರಿನ ವಿಷಯದಲ್ಲಿ ಗರಿಕೆಯ ಗಟ್ಟಿತನವನ್ನೇ ನಂಬಿದೆ: ಮಳೆ ಬರದಿದ್ದರೆ ಕಂದಾಗುತ್ತದೆ, ಬಂದರೆ ಚಿಗುರುತ್ತದೆ.

ಎಡವಿದ್ದು ಒಂದೇ ಕಡೆ. ಕಳೆ ಮೊಳೆಯುವ ಮೊದಲೇ, ಮಾರ್ಚ್ ಆಸುಪಾಸಿನಲ್ಲಿ ಹಾಕಬೇಕಾದ 40 ಡಾಲರಿನ ಪ್ರಿ-ಎಮರ್ಜೆಂಟ್ ಔಷಧವನ್ನು ಉಳಿತಾಯದ ಹುಮ್ಮಸ್ಸಿನಲ್ಲಿ ಬಿಟ್ಟುಬಿಟ್ಟೆ. ಜುಲೈ ಹೊತ್ತಿಗೆ ಕ್ರ್ಯಾಬ್‌ಗ್ರಾಸ್ ಎಂಬ ಕಳೆಹುಲ್ಲು ಕಾಲುಭಾಗ ಅಂಗಳವನ್ನು ಆವರಿಸಿತು. ಅದನ್ನು ಕೊಲ್ಲುವ ಔಷಧಕ್ಕೆ 60 ಡಾಲರ್ ಹೋದದ್ದಲ್ಲದೆ, ನಾಲ್ಕು ಶನಿವಾರ ನಾನೂ ನನ್ನ ಹೆಂಡತಿಯೂ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕಿತ್ತೆವು. ಮುಂದಿನ ವರ್ಷ ಆ 40 ಡಾಲರನ್ನು ಮರುಮಾತಿಲ್ಲದೆ ಖರ್ಚು ಮಾಡಿದೆ.

ಇಷ್ಟಾದರೂ ಮೊದಲ ವರ್ಷ 1,400 ಡಾಲರಿಗಿಂತ ಹೆಚ್ಚು ಉಳಿಯಿತು. ಉಳಿದೀತು ಎಂದು ಅಂದಾಜು ಮಾಡಿ ಫೆಬ್ರವರಿಯಿಂದಲೇ ಕಾರ್ಡಿನ ಕಂತನ್ನು 425ಕ್ಕೆ ಏರಿಸಿದ್ದೆವು, ಕೊರತೆ ಬಿದ್ದಷ್ಟನ್ನು ಹೊರಗಿನ ಊಟ ಕಡಿಮೆ ಮಾಡಿ ತುಂಬಿದೆವು. ಕಂತು ಏರಿದ್ದು 125 ಡಾಲರ್ ಮಾತ್ರವಾದರೂ ಅಸಲಿಗೆ ಸಲ್ಲುವ ಮೊತ್ತ 112ರಿಂದ 237ಕ್ಕೆ ಹೋಯಿತು. ಐವತ್ತು ತಿಂಗಳು ಎಳೆಯಬೇಕಿದ್ದ ಸಾಲ ಮೂವತ್ತು ತಿಂಗಳಲ್ಲಿ, 2025ರ ಜುಲೈನಲ್ಲಿ ತೀರಿತು.

ಈಗ ಹುಲ್ಲಿನ ಕೆಲಸಗಳಲ್ಲಿ ಒಂದನ್ನಷ್ಟೇ ಮತ್ತೆ ಕೂಲಿಗೆ ಕೊಟ್ಟಿದ್ದೇವೆ, ಗಾಳಿ, ನೀರು ಬೇರಿಗೆ ಇಳಿಯಲೆಂದು ಗಟ್ಟಿಯಾದ ಜೇಡಿಮಣ್ಣಿಗೆ ಯಂತ್ರದಿಂದ ತೂತು ಕೊರೆಯುವುದು. ಆ ಯಂತ್ರವನ್ನು ಒಮ್ಮೆ ಬಾಡಿಗೆಗೆ ತಂದು ಹಿಡಿದದ್ದರ ನೋವು ನನ್ನ ಸೊಂಟದಲ್ಲಿ ವಾರವಿಡೀ ಇತ್ತು.