ಎಳೆಪಾಕ ನೋಡಬೇಡಿ, ತಟ್ಟೆ ನೋಡಿ: ಮನೆಯಲ್ಲೇ ಏಪ್ರಿಕಾಟ್–ಕಿತ್ತಳೆ ಜಾಮ್

ಮೈಸೂರಿನ ಅಡುಗೆಮನೆಗಳಲ್ಲಿ ಪಾಕದ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಹನಿ ಹಿಡಿದು ಒಂದೆಳೆಯೋ ಎರಡೆಳೆಯೋ ಎಂದು ಹೇಳುವ ವಿದ್ಯೆ ಇಲ್ಲಿ ಮನೆಮನೆಯಲ್ಲೂ ಇದೆ. ಜಾಮ್ ಕೆಡುವುದು ಈ ವಿದ್ಯೆಯಿಂದಲೇ. ಎಳೆ ಬರಲಿ ಎಂದು ಕಾಯುತ್ತಾರೆ. ಬರುವ ಹೊತ್ತಿಗೆ ಹಣ್ಣಿನ ಪರಿಮಳ ಹಾರಿ, ಬಣ್ಣ ಕಂದಿ, ಬಾಟಲಿಯಲ್ಲಿ ಆರಿದ ಮೇಲೆ ಚಮಚಕ್ಕೂ ಬಗ್ಗದ ಕಮ್ಮರಕಟ್ಟು ಉಳಿಯುತ್ತದೆ. ಪರಿಚಿತರ ಮನೆಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ.

ಒಂದೆಳೆ ಬರಬೇಕಾದರೆ ಪಾಕದಲ್ಲಿ ಸಕ್ಕರೆ ಶೇ 80ರ ಆಸುಪಾಸು ಇರಬೇಕು. ಜಾಮ್‌ಗೆ ಬೇಕಾದದ್ದು ಶೇ 65ರಿಂದ 68 ಮಾತ್ರ. ಅದನ್ನು ಕಟ್ಟುವುದು ಸಕ್ಕರೆಯೊಂದೇ ಅಲ್ಲ, ಹಣ್ಣಿನ ಸಿಪ್ಪೆ, ಬೀಜ, ಬಿಳಿ ತಿರುಳುಗಳಲ್ಲಿರುವ ಪೆಕ್ಟಿನ್. ಅದಕ್ಕೆ ಹುಳಿ ಸೇರಬೇಕು, ಸಕ್ಕರೆ ಸೇರಬೇಕು. ಕಟ್ಟಿಕೊಳ್ಳುವುದು ಒಲೆಯ ಮೇಲಲ್ಲ, ಇಳಿಸಿ ಆರಿದ ಮೇಲೆ. ಬಾಣಲೆಯಲ್ಲೇ ಗಟ್ಟಿಯಾಗಿ ಕಂಡಿತೆಂದರೆ ಹದ ಆಗಲೇ ದಾಟಿಹೋಗಿದೆ.

ಏನೇನು ಬೇಕು

ಸುಮಾರು 1.2 ಕಿಲೋ ಜಾಮ್‌ಗೆ ಬೀಜ ತೆಗೆದ ಒಣ ಏಪ್ರಿಕಾಟ್ 250 ಗ್ರಾಂ, ಕಿತ್ತಳೆ ಅರ್ಧ ಕಿಲೋ, ನಿಂಬೆಹಣ್ಣು ಎರಡು, ಹೇರಳೆಕಾಯಿ ಅರ್ಧ, ಸಕ್ಕರೆ 600 ಗ್ರಾಂ, ನೀರು 750 ಮಿಲಿ ಲೀಟರ್. ಇದರ ಎರಡು ಪಟ್ಟು ಬೇಕೆಂದರೆ ಎರಡು ಸಲ ಮಾಡಿ. ಒಂದೇ ಪಾತ್ರೆಯಲ್ಲಿ ದುಪ್ಪಟ್ಟು ಹಾಕಿದರೆ ನೀರು ಆರಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಹಣ್ಣು ಬೆಂದು ಬೆಂದು ಕಪ್ಪಾಗುತ್ತದೆ.

ತಾಜಾ ಏಪ್ರಿಕಾಟ್ ನಮ್ಮ ಊರಿಗೆ ಬರುವುದು ಅಪರೂಪ, ಬಂದರೂ ದಾರಿಯಲ್ಲೇ ನಜ್ಜುಗುಜ್ಜಾಗಿರುತ್ತದೆ. ಒಣಗಿದ್ದೇ ವಾಸಿ. ಸಂತೇಪೇಟೆಯಲ್ಲೋ ದೇವರಾಜ ಮಾರುಕಟ್ಟೆಯ ಸುತ್ತಮುತ್ತಲೋ ದ್ರಾಕ್ಷಿ, ಗೋಡಂಬಿ ಮಾರುವವರ ಬಳಿ ಎರಡು ಬಗೆ ಸಿಗುತ್ತವೆ. ಹೊಳೆಯುವ ಕಿತ್ತಳೆ ಬಣ್ಣದ್ದು ಗಂಧಕದ ಹೊಗೆ ಹಾಕಿ ಒಣಗಿಸಿದ್ದು, ಹೆಚ್ಚಾಗಿ ಟರ್ಕಿಯಿಂದ ಬರುತ್ತದೆ. ಕಂದು ಬಣ್ಣದ್ದು ಗಂಧಕವಿಲ್ಲದೆ ಒಣಗಿದ್ದು, ಲಡಾಖಿನದು ಸಾಮಾನ್ಯವಾಗಿ ಹೀಗಿರುತ್ತದೆ. ತಿನ್ನಲು ಕಂದು ಚೆನ್ನ, ಜಾಮ್‌ಗೆ ಕಿತ್ತಳೆ ಬಣ್ಣದ್ದೇ ಆಗಬೇಕು. ಹುಳಿ ಉಳಿದಿರುತ್ತದೆ, ಬಣ್ಣವೂ ನಿಲ್ಲುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಮಾತ್ರ ಕಂದು ಕೊಳ್ಳಿ, ಗಂಧಕದ ಅಂಶ ಕೆಲವರಿಗೆ ಆಗುವುದಿಲ್ಲ. ಆಗ ನಿಂಬೆ ಒಂದು ಹೆಚ್ಚು ಹಿಂಡಬೇಕು. ಬೀಜವಿರುವ ಒಣ ಏಪ್ರಿಕಾಟ್ (ಖುಬಾನಿ) ತಂದವರು ಒಳಗಿನ ಪಪ್ಪನ್ನು ಜಾಮ್‌ಗೆ ಹಾಕುವ ಉಸಾಬರಿಗೆ ಹೋಗಬೇಡಿ. ಕಹಿ ಪಪ್ಪಿನಿಂದ ಸಯನೈಡ್ ಹುಟ್ಟುತ್ತದೆ.

ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಸಿಕ್ಕರೆ ಬೇರೆ ಯಾವುದನ್ನೂ ನೋಡಬೇಡಿ. ಹಣ್ಣಾದರೂ ಹಸಿರು ಮಿಶ್ರಿತ ಹಳದಿ, ಅಂಟಿಕೊಂಡ ಸಿಪ್ಪೆ, ಸಿಹಿಯ ಜೊತೆ ಸರಿಯಾದ ಹುಳಿ. ನಾಗಪುರದ್ದು ಬರೀ ಸಿಹಿ. ಮೇಣ ಬಳಿದು ಮಿರುಗುವ ಹಣ್ಣಾದರೆ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ, ಸಿಪ್ಪೆ ತಿನ್ನುವವರು ನಾವೇ ಅಲ್ಲವೇ.

ಹೇರಳೆಕಾಯಿ ಏಕೆ ಎಂದು ಕೇಳಬಹುದು. ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ತರುವ ಈ ಕಾಯಿಯ ದಪ್ಪ ಬಿಳಿ ತಿರುಳಿನಲ್ಲಿ ಪೆಕ್ಟಿನ್ ಧಾರಾಳವಾಗಿದೆ. ಕಿತ್ತಳೆಯ ತೆಳು ಸಿಪ್ಪೆಯಲ್ಲಿ ಅಷ್ಟಿಲ್ಲ. ಪೆಕ್ಟಿನ್ ಪುಡಿಯ ಪೊಟ್ಟಣಕ್ಕೆ ದುಡ್ಡು ಸುರಿಯುವ ಬದಲು ಇದನ್ನು ಬಳಸಿ. ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡುವ ಅಡ್ಡದಾರಿಯೂ ಇದೆ. ಅದು ಜಾಮ್ ಆಗುವುದಿಲ್ಲ, ಎರಡು ದಿನಕ್ಕೆ ನೀರು ಬಿಡುವ ಜೆಲ್ಲಿ ಆಗುತ್ತದೆ. ಕಾರ್ನ್‌ಫ್ಲೋರ್ ಹಾಕುವವರ ಜೊತೆ ನನಗೆ ಮಾತಿಲ್ಲ.

ಮಂಡ್ಯದ ಕಡೆಯವರು ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂದು ತಪ್ಪದೆ ಕೇಳುತ್ತಾರೆ. ಬೇಡ. ಬೆಲ್ಲದ ರುಚಿ ಏಪ್ರಿಕಾಟನ್ನು ನುಂಗಿಹಾಕುತ್ತದೆ. ಜೊತೆಗೆ ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವ ರೂಢಿಯಿದೆ, ಅದು ಹುಳಿಯನ್ನು ಮುರಿಯುತ್ತದೆ. ಹುಳಿ ಮುರಿದರೆ ಪೆಕ್ಟಿನ್ ಕಟ್ಟುವುದಿಲ್ಲ. ಮಂಡ್ಯದಲ್ಲಿ 1933ರಲ್ಲೇ ಸಕ್ಕರೆ ಕಂಪನಿ ಸ್ಥಾಪನೆಯಾಗಿದೆ, ಸಕ್ಕರೆ ಹಾಕಿದರೂ ಊರಿನ ಅಭಿಮಾನಕ್ಕೆ ಕುಂದಿಲ್ಲ. ಬೆಲ್ಲ ಒಬ್ಬಟ್ಟಿಗಿರಲಿ.

ಹಿಂದಿನ ರಾತ್ರಿ

ಏಪ್ರಿಕಾಟ್ ತೊಳೆದು ನಾಲ್ಕು ಹೋಳು ಮಾಡಿ. ಎರಡು ಕಿತ್ತಳೆಯ ಸಿಪ್ಪೆಯನ್ನು ಮಾತ್ರ ಎಳೆಎಳೆಯಾಗಿ ಹೆಚ್ಚಿಕೊಳ್ಳಿ, ಎಲ್ಲ ಹಣ್ಣುಗಳದ್ದೂ ಹಾಕಿದರೆ ಕಹಿಯೇ ಮೇಲಾಗುತ್ತದೆ. ತೊಳೆಗಳನ್ನು ಬಿಡಿಸಿ ಪೊರೆ, ಬೀಜ ಬೇರೆ ಮಾಡಿ. ಹೇರಳೆಕಾಯಿಯ ಹಸಿರು ಸಿಪ್ಪೆ ಹೆರೆದು ಬಿಸಾಡಿ, ರಸ ಎತ್ತಿಡಿ. ಅದರ ಬಿಳಿ ತಿರುಳು ಮತ್ತು ಎಲ್ಲ ಹಣ್ಣುಗಳ ಬೀಜ, ಪೊರೆಗಳನ್ನು ತೆಳು ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ. ರಸ ಮತ್ತು ಕಿತ್ತಳೆ ತೊಳೆಗಳನ್ನು ಬಿಟ್ಟು ಉಳಿದೆಲ್ಲವನ್ನೂ ಗಂಟಿನ ಸಮೇತ 750 ಮಿಲಿ ಲೀಟರ್ ನೀರಿನಲ್ಲಿ ನೆನೆಹಾಕಿ ಮಲಗಿ.

ಬೇಯಿಸುವುದು, ಸಕ್ಕರೆಯಿಲ್ಲದೆ

ದಪ್ಪ ತಳದ, ಅಗಲ ಬಾಯಿಯ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆಯಂತೂ ಬೇಡವೇ ಬೇಡ. ಪಾತ್ರೆಯನ್ನು ಖಾಲಿಯಿರುವಾಗಲೇ ತೂಗಿ ಬರೆದಿಟ್ಟುಕೊಳ್ಳಿ, ಕಾರಣ ಮುಂದೆ ತಿಳಿಯುತ್ತದೆ.

ನೆನೆದದ್ದನ್ನು ನೀರಿನ ಸಮೇತ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ಬೆರಳುಗಳ ನಡುವೆ ಒತ್ತಿದರೆ ಅಪ್ಪಚ್ಚಿಯಾಗಬೇಕು. ಆಗದಿದ್ದರೆ ಇನ್ನಷ್ಟು ಬೇಯಲಿ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಎಲ್ಲವನ್ನೂ ಒಟ್ಟಿಗೇ ಸುರಿದು ಒಲೆ ಹಚ್ಚುವವರ ಜಾಮಿನಲ್ಲಿ ಸಿಪ್ಪೆ ರಬ್ಬರಿನಂತಿರುವುದು ಇದಕ್ಕೇ. ಅವಸರವಿದ್ದರೆ ಕುಕ್ಕರಿನಲ್ಲಿ ಎರಡು ಮೂರು ಸೀಟಿ ಕೂಗಿಸಿ. ನಾನು ಒಪ್ಪುವ ಅಡ್ಡದಾರಿ ಇದೊಂದೇ, ಅದೂ ಸಕ್ಕರೆ ಹಾಕುವ ಮೊದಲು ಮಾತ್ರ.

ಗಂಟನ್ನು ತೆಗೆದು ಸ್ವಲ್ಪ ಆರಲು ಬಿಟ್ಟು, ಚೆನ್ನಾಗಿ ಹಿಂಡಿ. ಲೋಳೆಯಂಥ ದ್ರವ ಬರುತ್ತದೆ. ಅಸಹ್ಯವೆಂದು ಅದನ್ನು ಸಿಂಕಿಗೆ ಸುರಿದವರನ್ನು ಕಂಡಿದ್ದೇನೆ. ಪೆಕ್ಟಿನ್ ಎಂದರೆ ಅದೇ, ಪಾತ್ರೆಗೇ ಹಿಂಡಿ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುವ ಆಸೆ ಬೇಡ. ಹೋಳು ಬಾಯಿಗೆ ಸಿಗದ ಜಾಮ್ ಅಂಗಡಿಯಲ್ಲಿ ಬೇಕಾದಷ್ಟಿದೆ.

ಹದ

ಉರಿ ಆರಿಸಿ ಸಕ್ಕರೆ, ಕಿತ್ತಳೆ ತೊಳೆ, ನಿಂಬೆ ಮತ್ತು ಹೇರಳೆ ರಸ ಹಾಕಿ, ಸಕ್ಕರೆ ಪೂರ್ತಿ ಕರಗುವವರೆಗೂ ತಿರುವಿ. ಕರಗದ ಹರಳು ಉಳಿದರೆ ಮುಂದೆ ಬಾಟಲಿಯಲ್ಲಿ ಸಕ್ಕರೆ ಕಲ್ಲುಗಟ್ಟಬಹುದು. ಆಮೇಲೆ ದೊಡ್ಡ ಬರ್ನರ್, ದೊಡ್ಡ ಉರಿ. ಸಣ್ಣ ಉರಿಯಲ್ಲಿ ಜೋಪಾನವಾಗಿ ಕಾಯಿಸುವುದು ಇಲ್ಲಿ ಜಾಣತನವಲ್ಲ, ಬೇಗ ನೀರಾರಿದಷ್ಟೂ ಬಣ್ಣ ಉಳಿಯುತ್ತದೆ. ನೊರೆ ಉಕ್ಕಿ ಬಂದರೆ ಕಡಲೆಕಾಳಿನಷ್ಟು ಬೆಣ್ಣೆ ಹಾಕಿ. ಕೈಗೆ ಸಿಡಿಯುತ್ತದೆ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಇಪ್ಪತ್ತರಿಂದ ಮೂವತ್ತು ನಿಮಿಷದೊಳಗೆ ಕುದಿಯ ಸ್ವರೂಪ ಬದಲಾಗುತ್ತದೆ. ಮೊದಲಿನ ಬಿಳಿ ನೊರೆ ಇಳಿದು, ಹೊಳಪಿನ ಭಾರವಾದ ಗುಳ್ಳೆಗಳು ನಿಧಾನವಾಗಿ ಒಡೆಯತೊಡಗುತ್ತವೆ. ಇಲ್ಲಿಂದ ಮುಂದೆ ಮೊಬೈಲ್ ಮುಟ್ಟಬೇಡಿ.

ಥರ್ಮಾಮೀಟರ್ ಇರುವವರು ಎಡವುವುದೂ ಇಲ್ಲೇ. ಪುಸ್ತಕಗಳು 104ರಿಂದ 105 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ಇಲ್ಲಿ ನೀರೇ 97.5 ಡಿಗ್ರಿಯ ಹತ್ತಿರ ಕುದಿಯುತ್ತದೆ. ಜಾಮ್‌ನ ಹದ ನೀರಿನ ಕುದಿಗಿಂತ ನಾಲ್ಕೂವರೆ, ಐದು ಡಿಗ್ರಿ ಮೇಲೆ. ಅಂದರೆ ನಮ್ಮಲ್ಲಿ 102ರಿಂದ 102.5. ಇಲ್ಲಿ 105ರವರೆಗೆ ಕಾಯಿಸಿದರೆ ಸಕ್ಕರೆಯ ಪ್ರಮಾಣ ಶೇ 70 ದಾಟಿರುತ್ತದೆ. ಮಂಡ್ಯ ಸ್ವಲ್ಪ ತಗ್ಗು, ವ್ಯತ್ಯಾಸ ಕೂದಲೆಳೆಯಷ್ಟು. ಮೊದಲು ಬರೀ ನೀರು ಕುದಿಸಿ ನಿಮ್ಮ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿ, ಅದಕ್ಕೆ ಐದು ಕೂಡಿಸಿ. ಅಗ್ಗದ ಥರ್ಮಾಮೀಟರ್‌ನ ಸುಳ್ಳೂ ಇದರಲ್ಲೇ ಸರಿಹೋಗುತ್ತದೆ.

ಅದಿಲ್ಲದವರಿಗೆ ತಟ್ಟೆ. ಒಲೆ ಹಚ್ಚುವ ಮೊದಲೇ ಎರಡು ಸ್ಟೀಲ್ ತಟ್ಟೆಗಳನ್ನು ಫ್ರೀಜರಿನಲ್ಲಿಡಿ. ಹದ ಬಂತೆನಿಸಿದಾಗ ಉರಿ ಆರಿಸಿ. ಮತ್ತೆ ಹೇಳುತ್ತೇನೆ, ಆರಿಸಿ. ಪರೀಕ್ಷೆ ನಡೆಯುವಷ್ಟು ಹೊತ್ತು ಪಾತ್ರೆ ಕುದಿಯುತ್ತಲೇ ಇದ್ದರೆ ನೀವು ಪರೀಕ್ಷಿಸಿದ ಜಾಮ್ ಬೇರೆ, ಪಾತ್ರೆಯಲ್ಲಿರುವುದು ಬೇರೆ. ತಣ್ಣನೆಯ ತಟ್ಟೆಗೆ ಅರ್ಧ ಚಮಚ ಹಾಕಿ ಒಂದು ನಿಮಿಷ ಫ್ರಿಜ್‌ನಲ್ಲಿಟ್ಟು, ಅಂಚಿನಿಂದ ಬೆರಳಿನಲ್ಲಿ ತಳ್ಳಿ. ಮೇಲ್ಮೈ ಕೆನೆಯಂತೆ ಸುಕ್ಕುಗಟ್ಟಿದರೆ ಮುಗಿಯಿತು. ಬೆರಳು ಹಾದ ದಾರಿಗೆ ರಸ ಹರಿದುಬಂದರೆ ಇನ್ನೆರಡು ನಿಮಿಷ ಕುದಿಸಿ ಎರಡನೆಯ ತಟ್ಟೆ ತೆಗೆಯಿರಿ.

ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಆಹಾರ ತಂತ್ರಜ್ಞಾನದ ಸಂಶೋಧನಾಲಯವೇ ಇರುವ ಊರು ನಮ್ಮದು. ಆ ಶಾಸ್ತ್ರ ಕಲಿತವರು ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣ ಹಿಡಿದು ಬ್ರಿಕ್ಸ್, ಅಂದರೆ ಸಕ್ಕರೆಯ ಶೇಕಡಾವಾರು ಪ್ರಮಾಣ, ಓದುತ್ತಾರೆ. ನಮಗೆ ತಕ್ಕಡಿ ಸಾಕು. ಹಾಕಿದ ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ನೀರು ಮಾತ್ರ. ಈ ಅಳತೆಯಲ್ಲಿ 600 ಗ್ರಾಂ ಸಕ್ಕರೆಗೆ ಹಣ್ಣಿನೊಳಗಿನದೂ ಕೂಡಿ, ಒಟ್ಟು ತೂಕ 1.2 ಕಿಲೋಗೆ ಇಳಿದಾಗ ಪ್ರಮಾಣ ಶೇ 65ರ ಸುತ್ತ ಬಂದಿರುತ್ತದೆ. ಪಾತ್ರೆ ಸಮೇತ ತೂಗಿ, ಮೊದಲು ಬರೆದಿಟ್ಟ ತೂಕ ಕಳೆಯಿರಿ. ತಟ್ಟೆಯೂ ತಕ್ಕಡಿಯೂ ಒಂದೇ ಮಾತು ಹೇಳಿದರೆ ಅನುಮಾನವೇ ಇಲ್ಲ.

ಬಾಟಲಿಗೆ

ಗಾಜಿನ ಬಾಟಲಿಗಳನ್ನು ಕಾಲು ಗಂಟೆ ನೀರಿನಲ್ಲಿ ಕುದಿಸಿ ಒಣಗಿಸಿ. ಹಳೆಯ ಬಾಟಲಿ ಆದೀತು, ಉಪ್ಪಿನಕಾಯಿಯ ಮುಚ್ಚಳ ಆಗದು, ಇಂಗಿನ ವಾಸನೆ ಅದರಿಂದ ಬಿಡುವುದೇ ಇಲ್ಲ. ಇಳಿಸಿದ ಜಾಮನ್ನು ಎಂಟು ಹತ್ತು ನಿಮಿಷ ಬಿಟ್ಟು ಒಮ್ಮೆ ತಿರುವಿ, ಇಲ್ಲವಾದರೆ ಸಿಪ್ಪೆಯೆಲ್ಲ ಮೇಲೆ ತೇಲುತ್ತದೆ. ಬಿಸಿ ಜಾಮ್, ಬಿಸಿ ಬಾಟಲಿ. ಬಾಟಲಿ ನಿಲ್ಲಿಸುವುದು ಮರದ ಮಣೆಯ ಮೇಲೆ, ಅಡುಗೆಕಟ್ಟೆಯ ತಣ್ಣನೆ ಕಲ್ಲಿನ ಮೇಲಿಟ್ಟರೆ ತಳ ಬಿರಿಯಬಹುದು. ತಕ್ಷಣ ಮುಚ್ಚಿ.

ಮರುದಿನವೂ ನೀರಾಗಿದ್ದರೆ ಮತ್ತೆ ಪಾತ್ರೆಗೆ ಸುರಿದು, ಒಂದು ನಿಂಬೆ ಹಿಂಡಿ, ಕುದಿಸಿ ತಟ್ಟೆ ನೋಡಿ. ಗಟ್ಟಿಯಾಗಿದ್ದರೆ ಕಿತ್ತಳೆ ರಸದಲ್ಲಿ ಸಡಿಲಿಸಿ ಒಂದು ವಾರದೊಳಗೆ ಖಾಲಿ ಮಾಡಿ, ಚಪಾತಿಗೆ ಚೆನ್ನಾಗಿಯೇ ಇರುತ್ತದೆ.

ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ, ಚಮಚ ಒಣಗಿರಲಿ. ಸಕ್ಕರೆ ಜಾಸ್ತಿಯಾಯಿತೆಂದು 400 ಗ್ರಾಂಗೆ ಇಳಿಸುವವರು ಮೊದಲ ದಿನದಿಂದಲೇ ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಬೇಕು. ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ, ಪೂರ್ತಿ ಬಾಟಲಿಯೇ ಕಸಕ್ಕೆ.