ಅವರು ಎಳೆದ ಗೆರೆ, ನಾನು ಮಾಡಿದ ಕೇಕ್

ಕೇಕಿನ ಮೇಲೆ ಕ್ರೀಮಿನ ಗುಲಾಬಿ ಮಾಡುವುದು ನನಗೆ ಈಗಲೂ ಇಷ್ಟ. ಆದರೆ ಮನೆಯವರಿಗೆ, ಸ್ನೇಹಿತರಿಗೆ ಕೇಕ್ ಮಾಡುವಾಗ ಹೂವಿನ ತಂಟೆಗೆ ಹೋಗುವುದು ಕಡಿಮೆ. ಮೊದಲು ಒಂದು ಕಾಗದ ಕೇಳುತ್ತೇನೆ. ಮಗು ಬಿಡಿಸಿದ ಚಿತ್ರ, ಅಜ್ಜಿಯ ಕೈಬರಹ, ನೋಟ್‌ಬುಕ್ಕಿನ ಅಂಚಿನಲ್ಲಿ ಯಾರೋ ಗೀಚಿದ ಬೆಕ್ಕು, ಏನಾದರೂ ಸರಿ. ಅದನ್ನೇ ಕೇಕಿನ ಮೇಲೆ ಇಳಿಸುತ್ತೇನೆ.

ಇದು ಶುರುವಾಗಿದ್ದು ಅಣ್ಣನ ಮಗನಿಂದ. ತಾತನ ಹುಟ್ಟುಹಬ್ಬಕ್ಕೆ ಅವನು ತಾತನ ಚಿತ್ರ ಬರೆದಿದ್ದ. ಒಂದು ಕೈಗೆ ಆರು ಬೆರಳು, ಕನ್ನಡಕ ಹಣೆಯ ಮೇಲೆ, ಎರಡು ಕಿವಿಯೂ ಒಂದೇ ಕಡೆ. ಅದನ್ನು ಹಾಗೇ ಕೇಕಿಗೆ ತಂದೆ. ತಾತ ಮೊದಲು ಎಣಿಸಿದ್ದೇ ಬೆರಳುಗಳನ್ನು. ಬಂದವರಿಗೆಲ್ಲ ಹುಡುಗ 'ಇದು ನಾನು ಬರೆದಿದ್ದು' ಅಂತ ತೋರಿಸಿದ. ಕೇಕ್ ಪೂರ್ತಿ ಅವನದೇ ಆಗಿಬಿಟ್ಟಿತು. ನನಗೆ ಬೇಕಾಗಿದ್ದೂ ಅದೇ.

ಈ ಕೆಲಸದಲ್ಲಿ ನನ್ನದು ಒಂದೇ ಹಟ. ಗೆರೆ ತಿದ್ದಬಾರದು. ಕೈಯಲ್ಲಿ ಪೈಪಿಂಗ್ ಬ್ಯಾಗ್ (ಕ್ರೀಮ್ ತುಂಬಿ ಹಿಂಡುವ ಚೀಲ) ಇದ್ದಾಗ ಸೊಟ್ಟ ಗೆರೆಯನ್ನು ನೇರ ಮಾಡೋಣ, ಮೂಗು ಸ್ವಲ್ಪ ಸರಿಮಾಡೋಣ ಅಂತ ಮನಸ್ಸು ಎಳೆಯುತ್ತದೆ. ಹಾಗೆ ತಿದ್ದಿದರೆ ಉಳಿಯುವುದು ಯಾವುದೋ ಕಾರ್ಟೂನ್ ಅಷ್ಟೇ. ಬರೆದವರ ಕೈ ಅದರಲ್ಲಿ ಇರುವುದಿಲ್ಲ.

ಇನ್ನು ಮಾಡುವ ಬಗೆ. ಇದನ್ನು ಬಟರ್‌ಕ್ರೀಮ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ ಅಲ್ವಾ, ಎಲ್ಲವೂ ಅದರ ಮೇಲೇ ನಿಂತಿದೆ. ಚಿತ್ರವನ್ನು ಕಾಗದದ ಮೇಲೆ ಕ್ರೀಮಿನಲ್ಲಿ ಬಿಡಿಸಿ, ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ, ಕೇಕಿನ ಮೇಲೆ ಮಗುಚಿ, ಕಾಗದ ಸುಲಿಯುವುದು.

250 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ 500 ಗ್ರಾಂ ಐಸಿಂಗ್ ಸಕ್ಕರೆ, ಅಂದರೆ ನುಣ್ಣನೆ ಸಕ್ಕರೆ ಪುಡಿ ತಗೊಳ್ಳುತ್ತೇನೆ. ಬೆಣ್ಣೆ ಮೆತ್ತಗಿರಬೇಕು, ಆದರೆ ಕರಗಿ ಹೊಳೆಯುತ್ತಿರಬಾರದು. ಮೊದಲು ಬೆಣ್ಣೆಯನ್ನಷ್ಟೇ ಬೆಳ್ಳಗಾಗುವವರೆಗೆ ಬೀಟ್ ಮಾಡುತ್ತೇನೆ. ಆಮೇಲೆ ಸಕ್ಕರೆ ಎರಡು ಮೂರು ಸಲಕ್ಕೆ, ಕೊನೆಗೆ ಒಂದೆರಡು ಚಮಚ ಹಾಲು. ಮುಗಿದ ಮೇಲೆ ಸ್ಪ್ಯಾಚುಲಾದಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ತಿರುವುತ್ತೇನೆ. ಒಳಗಿನ ಗಾಳಿ ಹೋಗುತ್ತದೆ. ಹೋಗದಿದ್ದರೆ ಚಿತ್ರದ ಮುಖದ ಮೇಲೆಲ್ಲ ಸಣ್ಣ ಸಣ್ಣ ತೂತು ಕಾಣುತ್ತವೆ.

ಬಣ್ಣಕ್ಕೆ ಜೆಲ್ ಬಣ್ಣವೇ ಒಳ್ಳೆಯದು, ನೀರಿನಂಥ ಬಣ್ಣ ಜಾಸ್ತಿ ಹಾಕಿದರೆ ಕ್ರೀಮ್ ಸಡಿಲವಾಗುತ್ತದೆ. ಕಪ್ಪು ಬೇಕಾದರೆ ಬಿಳಿ ಕ್ರೀಮಿನಿಂದ ಶುರು ಮಾಡುವುದಿಲ್ಲ. ಮೊದಲು ಕೋಕೋ ಪುಡಿ ಸೇರಿಸಿ ಕಂದು ಮಾಡಿಕೊಂಡರೆ ಕಪ್ಪು ಬಣ್ಣ ಸ್ವಲ್ಪವೇ ಸಾಕು, ಕಹಿಯೂ ಬರುವುದಿಲ್ಲ. ಕೆಂಪು, ಕಪ್ಪು ಎರಡೂ ಕೆಲವು ಗಂಟೆ ಇಟ್ಟರೆ ತಾವಾಗಿಯೇ ಗಾಢವಾಗುತ್ತವೆ. ಆದ್ದರಿಂದ ಹಿಂದಿನ ದಿನವೇ ಬೆರೆಸಿಡುತ್ತೇನೆ.

ಚಿತ್ರವನ್ನು ಬಟರ್ ಪೇಪರ್ ಮೇಲೆ ಪೆನ್ಸಿಲಿನಿಂದ ನಕಲು ಮಾಡಿ, ಕಾಗದವನ್ನು ಮಗುಚಿ ಹಾಕುತ್ತೇನೆ. ಈಗ ಕಾಣುವುದು ಕನ್ನಡಿಯ ಚಿತ್ರ. ಅದರ ಮೇಲೆ ಇನ್ನೊಂದು ಹೊಸ ಬಟರ್ ಪೇಪರ್, ಎರಡನ್ನೂ ಮಟ್ಟಸವಾದ ತಟ್ಟೆಗೆ ಟೇಪ್ ಹಾಕಿ ಅಂಟಿಸುವುದು. ಫ್ರೀಜರಿನಲ್ಲಿ ಆ ತಟ್ಟೆ ಹಿಡಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಇಲ್ಲಿಂದ ಮುಂದೆ ತಲೆಯನ್ನು ತಿರುಗಿಸಿ ಯೋಚಿಸಬೇಕು. ಮೊದಲು ಬಿಡಿಸಿದ್ದು ಕೊನೆಗೆ ಎಲ್ಲಕ್ಕಿಂತ ಮೇಲೆ ಬರುತ್ತದೆ. ಹಾಗಾಗಿ ಕಪ್ಪು ಅಂಚು ಮೊದಲು. ಕಣ್ಣಿನ ಪಾಪೆ, ಆಮೇಲೆ ಕಣ್ಣಿನ ಬಿಳಿ, ಆಮೇಲೆ ಮುಖದ ಬಣ್ಣ. ಅಂಗಿಯ ಮೇಲಿನ ಗುಂಡಿ ಮೊದಲು, ಅಂಗಿ ನಂತರ. ಈ ಉಲ್ಟಾ ಲೆಕ್ಕ ನನಗೆ ತುಂಬಾ ಖುಷಿ ಕೊಡುತ್ತದೆ. ಮಗು ಯಾವುದನ್ನು ಯಾವುದರ ಮೇಲೆ ಬರೆದಿದೆ ಅಂತ ಆ ಚಿತ್ರವನ್ನು ಆಗ ನಿಜವಾಗಿಯೂ ನೋಡುತ್ತೇವೆ. ಅಂಚಿಗೆ ಪೈಪಿಂಗ್ ಬ್ಯಾಗಿನ ತುದಿಗೆ 1 ಅಥವಾ 2ನೇ ನಂಬರಿನ ಸಣ್ಣ ತೂತಿನ ನಾಝಲ್ ಸಾಕು. ಅಂಚು ಹಾಕಿ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಬಣ್ಣ ತುಂಬುವಾಗ ಗೆರೆ ಅಲುಗುವುದಿಲ್ಲ. ಎಲ್ಲ ತುಂಬಿದ ಮೇಲೆ ಹಿಂದೆ ಪೂರ್ತಿ ಒಂದು ಪದರ, ಸುಮಾರು ಅರ್ಧ ಸೆಂಟಿಮೀಟರ್ ದಪ್ಪ. ತೆಳ್ಳಗೆ ಮಾಡಿದರೆ ಎತ್ತುವಾಗ ಮುರಿಯುತ್ತದೆ. ನಂತರ ಕಡಿಮೆ ಅಂದರೆ ಒಂದು ಗಂಟೆ ಫ್ರೀಜರ್.

ಕೇಕಿಗೆ ಮೊದಲು ಉದುರುವ ಪುಡಿಯನ್ನು ಹಿಡಿದಿಡಲು ಕ್ರೀಮಿನ ತೆಳು ಪದರ ಬಳಿದು, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮೇಲೆ ನಯವಾದ ಪದರ. ಕೂರಿಸುವ ಜಾಗದಲ್ಲಿ ಮಾತ್ರ ಸ್ವಲ್ಪ ಮೆತ್ತನೆ ಕ್ರೀಮ್. ಚಿತ್ರವನ್ನು ಫ್ರೀಜರಿನಿಂದ ತೆಗೆದ ತಕ್ಷಣ ಮಗುಚಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಒಂದು ಮೂಲೆಯಿಂದ ಕಾಗದ ಸುಲಿಯುತ್ತೇನೆ. ಇಲ್ಲಿ ತಡ ಮಾಡುವಂತಿಲ್ಲ. ಅಂಚಿನ ಸಂದನ್ನು ಸಣ್ಣ ಚುಕ್ಕಿಗಳ ಸಾಲಿನಿಂದ ಮುಚ್ಚಿದರೆ ಮುಗಿಯಿತು.

ಕೈಬರಹಕ್ಕೆ ನಾನು ಚಾಕೊಲೇಟ್ ಬಳಸುತ್ತೇನೆ. ಗೆಳತಿಯೊಬ್ಬಳು ತೀರಿಹೋದ ಅಮ್ಮ ಬರೆದ ಹಳೆಯ ಪತ್ರ ತಂದಿದ್ದಳು. ಅದರಲ್ಲಿದ್ದ ಎರಡೇ ಎರಡು ಪದ ಬೇಕಿತ್ತು. ಪತ್ರವನ್ನು ಮುಟ್ಟದೆ, ಜೆರಾಕ್ಸಿನಲ್ಲಿ ದೊಡ್ಡದು ಮಾಡಿಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಬರೆದೆ. ಇಲ್ಲಿ ಮಗುಚುವ ಕೆಲಸವಿಲ್ಲ, ಅಕ್ಷರ ಗಟ್ಟಿಯಾದ ಮೇಲೆ ಹಾಗೇ ಎತ್ತಿ ನಿಲ್ಲಿಸಬಹುದು. ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಕಾಂಪೌಂಡ್ ಚಾಕೊಲೇಟ್ ಆದರೆ ಟೆಂಪರ್ ಮಾಡುವ, ಅಂದರೆ ಹದವಾಗಿ ಬಿಸಿ ಮಾಡಿ ತಣಿಸುವ ಅಗತ್ಯವೂ ಇಲ್ಲ. ಆದರೆ ಕನ್ನಡ ಅಕ್ಷರಕ್ಕೆ ಒಂದು ವಿಶೇಷ ಎಚ್ಚರಿಕೆ ಬೇಕು. ಒತ್ತಕ್ಷರ, ದೀರ್ಘ ಎಷ್ಟೋ ಸಲ ಮುಖ್ಯ ಅಕ್ಷರಕ್ಕೆ ತಾಗಿರುವುದಿಲ್ಲ. ಎತ್ತಿದರೆ ಅವು ಕಾಗದದ ಮೇಲೇ ಉಳಿಯುತ್ತವೆ. ಒಂದು ಸಣ್ಣ ಹನಿಯಿಂದ ಅಕ್ಷರಕ್ಕೆ ಸೇರಿಸುತ್ತೇನೆ, ಪದದ ಕೆಳಗೆ ಒಂದು ಉದ್ದ ಗೆರೆಯನ್ನೂ ಕೊಡುತ್ತೇನೆ. ಆ ಅಮ್ಮನಿಗೆ ತಲೆಕಟ್ಟನ್ನು ಬಲಕ್ಕೆ ಚೂಪಾಗಿ ಎಳೆಯುವ ಅಭ್ಯಾಸ. ಗೆಳತಿ ಬೆರಳಿಟ್ಟು ತೋರಿಸಿದ್ದು ಅದನ್ನೇ.

ಕಾಗದದ ಕೆಲಸವೂ ಇದರ ಜೊತೆಗೇ ಆಗುತ್ತದೆ. ಅದೇ ಚಿತ್ರವನ್ನು ದಪ್ಪ ಕಾರ್ಡಿಗೆ ನಕಲು ಮಾಡಿ ಶುಭಾಶಯ ಪತ್ರ, ಚಿಕ್ಕದು ಮಾಡಿ ಕಡ್ಡಿಗೆ ಅಂಟಿಸಿದರೆ ಕಪ್‌ಕೇಕ್‌ಗಳಿಗೆ ಬಾವುಟ. ಅಂಟು ಹಚ್ಚಿದ ಭಾಗ ಕೇಕಿಗೆ ತಾಗದಂತೆ ನೋಡಿಕೊಳ್ಳಿ. ಮೇಣದ ಬತ್ತಿ ಹಚ್ಚುವ ಮೊದಲು ಕಾಗದದ ಬಾವುಟ ತೆಗೆದುಬಿಡಿ. ಕ್ರಾಫ್ಟ್ ಗ್ಲಿಟರ್ ಡಬ್ಬಿಯ ಮೇಲೆ ವಿಷವಲ್ಲ ಅಂತ ಬರೆದಿದ್ದರೂ ಅದು ತಿನ್ನುವ ಪದಾರ್ಥವಲ್ಲ, ಕೇಕಿನ ಹತ್ತಿರ ತರಲೇಬೇಡಿ.

ಕ್ರೀಮಿನ ಚಿತ್ರವನ್ನು ಗಾಳಿಯಾಡದ ಡಬ್ಬಿಯಲ್ಲಿ ಕೆಲವು ದಿನ ಮೊದಲೇ ಫ್ರೀಜರಿನಲ್ಲಿ ಮಾಡಿಡಬಹುದು, ಹಬ್ಬದ ದಿನದ ಗಡಿಬಿಡಿ ತಪ್ಪುತ್ತದೆ. ಕೇಕಿನ ಮೇಲೆ ಕೂರಿಸಿದ ಮೇಲೆ ಚಿತ್ರ ಬೆವರುತ್ತದೆ. ಆ ಹನಿಗಳನ್ನು ಒರೆಸಲು ಹೋಗಬೇಡಿ, ಬಣ್ಣ ಹರಡುತ್ತದೆ. ಸುಮ್ನೆ ಬಿಟ್ಟರೆ ತಾನಾಗಿ ಆರುತ್ತದೆ. ಬಡಿಸುವ ಒಂದು ಗಂಟೆ ಮೊದಲು ಫ್ರಿಜ್ಜಿನಿಂದ ಹೊರಗಿಡಿ, ಕ್ರೀಮ್ ಮೆತ್ತಗಾಗುತ್ತದೆ. ಕತ್ತರಿಸುವಾಗ ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ಮೊದಲ ತುಂಡು ಯಾವ ಕಡೆಯಿಂದ ಅನ್ನುವುದನ್ನು ಮಾತ್ರ ಚಿತ್ರ ಬರೆದವರನ್ನೇ ಕೇಳಿ.