ಕ್ಲಾಸಲ್ಲಿ ಆರ್‌ಪಿಜಿ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಆಡೋ ಆಟ) ಆಡ್ಸಿದ್ರೂ ಅರ್ಧ ಜನ ಸುಮ್ನೆ ಕೂರ್ತಿದ್ರು, ಸರಿಹೋಗಿದ್ದು ಹೀಗೆ

ಮೊದಮೊದಲು ಎಲ್ರೂ ಹುರುಪಲ್ಲಿದ್ರು, ಆಮೇಲೆ ಲೆವೆಲ್ ಜಾಸ್ತಿ ಇದ್ದ ನಾಲ್ಕೈದು ಜನ ಮಾತ್ರ ಕೈ ಎತ್ತೋದು, ಮಿಕ್ಕವ್ರು ಕ್ಯಾರೆಕ್ಟರ್ ಶೀಟ್ (ತಮ್ಮ ಪಾತ್ರದ ವಿವರ, ಅಂಕ ಬರ್ಕೊಳ್ಳೋ ಹಾಳೆ) ಮೇಲೆ ಗೀಚ್ತಾ ಕೂರೋದು. ಲೀಡರ್‌ಬೋರ್ಡ್ (ಯಾರು ಮುಂದಿದಾರೆ ಅನ್ನೋ ಪಟ್ಟಿ) ಹಾಕ್ದೆ, ಕೆಳಗಿದ್ದವ್ರು ಆಟಾನೇ ಬಿಟ್ರು. ಹೋಮ್‌ವರ್ಕ್ ತರದವ್ರ ಎಕ್ಸ್‌ಪಿ (ಲೆವೆಲ್ ಏರೋಕೆ ಗಳಿಸೋ ಅಂಕ) ಕಟ್ ಮಾಡ್ದೆ, ಇನ್ನೂ ಹದಗೆಡ್ತು. ಬ್ಯಾಡ್ಜು ಸ್ಟಿಕ್ಕರ್ರು ಎರಡು ದಿನದ ಆಟ ಅಷ್ಟೇ.

ಕೆಲ್ಸ ಮಾಡಿದ್ದು ಡೈಸ್ ಉರುಳ್ಸೋ ಸಮಯ. 4 ಜನರ ಪಾರ್ಟಿ (ತಂಡ), ಎಲ್ರಿಗೂ ಸೇರಿ 20 ಹೆಚ್‌ಪಿ (ಜೀವದ ಅಂಕ). ಮೊದ್ಲು ಪ್ರಶ್ನೆ ಹೇಳಿ, 2 ನಿಮಿಷ ಪಾರ್ಟಿಯೊಳಗೆ ಮಾತಾಡೋಕೆ ಬಿಡಿ, ಆಮೇಲೆ 4 ಮುಖದ ಡೈಸ್ ಹಾಕಿ, ಯಾರ ನಂಬರ್ ಬರುತ್ತೋ ಅವ್ರೇ ಉತ್ತರ ಹೇಳ್ಬೇಕು. ಡೈಸ್ ಮೊದ್ಲೇ ಹಾಕಿದ್ರೆ ಮಿಕ್ಕ ಮೂರು ಜನ ಕಿಟಕಿ ನೋಡ್ತಾರೆ, ಆಮೇಲೆ ಹಾಕಿದ್ರೆ ಯಾರ ನಂಬರ್ ಬರುತ್ತೋ ಗೊತ್ತಿಲ್ದೆ ಚುರುಕಾಗಿರೋರೇ ಪಕ್ಕದವ್ರಿಗೆ ಕೂತು ಹೇಳಿಕೊಡ್ತಾರೆ. ತಪ್ಪಾದ್ರೆ 2 ಹೆಚ್‌ಪಿ ಹೋಗುತ್ತೆ, ಹೀಲರ್ (ತಂಡದಲ್ಲಿ ಹೋದ ಹೆಚ್‌ಪಿ ವಾಪಸ್ ತರೋ ಪಾತ್ರ) ಸುಳಿವು ಕೊಟ್ಟು (ಉತ್ತರ ಹೇಳೋ ಹಾಗಿಲ್ಲ!) ಅದೇ ಹುಡುಗ ಸರಿ ಹೇಳಿದ್ರೆ ಆ 2 ವಾಪಸ್. ಹೀಲರ್ ಪಾತ್ರ ಪ್ರತಿ ವಾರ ಬದಲಾಗ್ಬೇಕು, ಇಲ್ಲಾಂದ್ರೆ ಒಬ್ರೇ ಮೇಷ್ಟ್ರಾಗಿಬಿಡ್ತಾರೆ. ಎಕ್ಸ್‌ಪಿ ಯಾವತ್ತೂ ಕಮ್ಮಿ ಮಾಡ್ಬೇಡಿ, ಶೀಟಲ್ಲೇ ಇರ್ಲಿ, ಗೋಡೆ ಮೇಲೆ ಬೇಡ.